ನಡೆದ ಕಾಲು ಯಾರದು

ಮೊನ್ನೆ ಬೆಳಿಗ್ಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ ಕೂತಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯನ್ನು ಇನ್ನೂ ಪೂರ್ತಿ ಅನುಭವಿಸಿರಲಿಲ್ಲ, ಅಷ್ಟರಲ್ಲಿ ಡ್ರೈವರು ಬಂದು ಎದುರಿನ ದೇವರ ಪಟಕ್ಕೆ ಹೂವು ಸಿಕ್ಕಿಸಿ ಒಂದು ಕಪ್ ಸಾಂಬ್ರಾಣಿ ಹಚ್ಚಿಟ್ಟ. ಹೊಗೆ ಮೆಲ್ಲಗೆ ಹಿಂದಕ್ಕೆ ಬಂತು. ಆ ವಾಸನೆಯಿಂದ ನಿಮಗೆ ಶುಕ್ರವಾರ ನೆನಪಾಗಬಹುದು, ಅಜ್ಜಿ ನೆನಪಾಗಬಹುದು, ಎಣ್ಣೆನೀರು ಹಾಕಿಸಿಕೊಂಡ ಕೂಸಿನ ತಲೆ ನೆನಪಾಗಬಹುದು. ನನಗೆ ಮಾತ್ರ ಈಗ ಕೆಲವು ವರ್ಷಗಳಿಂದ ಅದು ಮೂಗಿಗೆ ಬಡಿದರೆ ಸಾಕು, ಬಲಗಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ.

"ವಸಿ ಕಾಲು ನಿಲ್ಸಿ ಸಾ, ಸೀಟೆಲ್ಲ ಅಲ್ಲಾಡ್ತೈತೆ" ಎಂದರು ಪಕ್ಕದ ಹೆಂಗಸು. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಎಡಗಾಲು ಶುರುವಾಯಿತು.

ಕೂತು ಕಾಲು ಅಲ್ಲಾಡಿಸಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ನಮ್ಮಪ್ಪ ಗದರುತ್ತಿದ್ದರು. ಹೈಸ್ಕೂಲು ಮೇಷ್ಟ್ರ ಮನೆಗೆ ಅವಳು ಬಂದಿದ್ದೇ ಯಾವಾಗ, ಎದ್ದು ಹೋಗಲಿಕ್ಕೆ ಎಂದು ನಾನು ಧೈರ್ಯವಾಗಿ ಅಲ್ಲಾಡಿಸಿಕೊಂಡು ಬಂದಿದ್ದೇನೆ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಧಾರ್ಮಿಕ ಸ್ವಾತಂತ್ರ್ಯದ ಹಕ್ಕನ್ನು ವರ್ಷಾ ವರ್ಷಾ ಕಲಿಸುತ್ತೇನೆ. ಯಾರು ಯಾವ ಧರ್ಮವನ್ನಾದರೂ ಆಚರಿಸಬಹುದು, ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಭಂಗ ಬರಬಾರದು. 'ಆದರೆ' ಅಂದಮೇಲೆ ಬರುವುದಕ್ಕೆ ಒಂದು ಅಂಕ, ಅದಕ್ಕೆ ಮುಂಚಿನದಕ್ಕೆ ಒಂದು ಅಂಕ. ಮಕ್ಕಳು ಎರಡನ್ನೂ ಬಾಯಿಪಾಠ ಮಾಡಿ ಬರೆದು ಎರಡೂ ಅಂಕ ತೆಗೆದುಕೊಂಡು ಹೋಗುತ್ತಾರೆ. ಭಂಗ ಬಂದರೆ ಯಾರನ್ನು ಹಿಡಿಯಬೇಕು ಎಂದು ಇಷ್ಟು ವರ್ಷಗಳಲ್ಲಿ ಒಂದು ಮಗುವೂ ಕೇಳಲಿಲ್ಲ. ಕೇಳಿದ್ದು ನನ್ನ ಸೋದರತ್ತೆ. ಅವಳು ಓದಿದ್ದು ನಾಲ್ಕನೇ ಕ್ಲಾಸು, ಜಗಳ ಆಡುವುದರಲ್ಲಿ ಮಾತ್ರ ಡಾಕ್ಟರೇಟು.

ಅವಳ ಹೆಸರು ಗೌರಮ್ಮ. ನಮಗೆಲ್ಲ ಗೌರತ್ತೆ, ಊರಿಗೆ ಗೌರಕ್ಕ. ಊರು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವಾಗ ಸಿಗುತ್ತದೆ. ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲುತ್ತದೆ, ಡ್ರೈವರಿಗೆ ಮನಸ್ಸಿಲ್ಲದಿದ್ದರೆ ಅದೂ ಇಲ್ಲ. ಅತ್ತೆಯನ್ನು ಸಾಧು, ಪಾಪದ ಹೆಂಗಸು ಎಂದು ಹೇಳಿ ನಿಮ್ಮ ಕನಿಕರ ಗಿಟ್ಟಿಸುವ ಆಸೆ ನನಗೂ ಇದೆ. ಆದರೆ ಸುಳ್ಳಾಗುತ್ತದೆ. ಅವಳ ಬಾಯಿಗೆ ಬೀಳದವರು ಊರಿನಲ್ಲಿ ಇಲ್ಲ. ಹೊಲದ ಬದುವಿಗೆ, ನೀರಿನ ಸರದಿಗೆ, ಎಮ್ಮೆ ಬಂದು ಹುರುಳಿ ಮೇಯ್ದದ್ದಕ್ಕೆ, ಎಲ್ಲಕ್ಕೂ ಜಗಳ. ಹಾಗೆಯೇ ಯಾವ ಮನೆಯಲ್ಲಿ ಮದುವೆಯಾದರೂ ಹಸೆಗೆ ಕೂರಿಸುವಾಗ ಸೋಬಾನೆ ಪದ ಎತ್ತುವವಳೂ ಅವಳೇ, ಮದುವಣಗಿತ್ತಿಗೆ ಮಡಿಲಕ್ಕಿ ಕಟ್ಟುವವಳೂ ಅವಳೇ. ನಿನ್ನೆ ಬೈಸಿಕೊಂಡವರು ಇವತ್ತು ಬಂದು ಕರೆಯುತ್ತಿದ್ದರು, ಅವಳೂ ಏನೂ ಆಗದವಳಂತೆ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಪ್ರತಿ ಶುಕ್ರವಾರ ಊರಮ್ಮನ ಗುಡಿಯ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವ ಕೆಲಸವನ್ನೂ ಯಾರೂ ಹೇಳದೆ ತಾನೇ ಇಟ್ಟುಕೊಂಡಿದ್ದಳು. ಅದೇ ಮುಳುವಾಯಿತು.

ನಮ್ಮ ಕಡೆಯ ಅಡ್ಡೆ ದೇವರನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಎರಡು ಉದ್ದನೆಯ ಮರದ ಕೊಂಬುಗಳ ನಡುವೆ ದೇವರನ್ನು ಕೂರಿಸಿ, ಸೀರೆ ಉಡಿಸಿ, ಹೂವು ಹೊದಿಸಿ, ಮುಂದೊಬ್ಬ ಹಿಂದೊಬ್ಬ ಹೆಗಲ ಮೇಲೆ ಹೊರುತ್ತಾರೆ. ಸಾಂಬ್ರಾಣಿ ಹೊಗೆ ಹಾಕಿ, ತಮಟೆ ಏರಿಸುತ್ತಿದ್ದಂತೆ ಅಡ್ಡೆ ತೂಗಾಡುತ್ತದೆ, ಹಿಂದೆ ಸರಿಯುತ್ತದೆ, ಮುಂದೆ ನುಗ್ಗುತ್ತದೆ. ಹೊತ್ತವರು ನಡೆಸುವುದಲ್ಲ, ದೇವರೇ ಅವರನ್ನು ಎಳೆದುಕೊಂಡು ಹೋಗುವುದು ಎಂಬುದು ನಂಬಿಕೆ. ಮಗಳ ಮದುವೆ ಈ ವರ್ಷವೋ ಬರುವ ವರ್ಷವೋ, ಬೋರ್‌ವೆಲ್ ತೋಟದ ಮೇಲೆ ತೋಡಿಸಬೇಕೋ ಕೆಳಗೋ, ಎಲ್ಲವನ್ನೂ ಅಡ್ಡೆಯ ಮುಂದೆ ಕೇಳುತ್ತಾರೆ. ಎಡಕ್ಕೆ ತಿರುಗಿದರೆ ಆಗದು, ಬಲಕ್ಕೆ ತಿರುಗಿದರೆ ಆದೀತು. ನಗಬೇಡಿ, ನಾನೂ ವರ್ಗಾವಣೆಗೆ ಕೇಳಿದ್ದೇನೆ. ಬಲಕ್ಕೇ ತಿರುಗಿತ್ತು, ಆದರೆ ಇಲಾಖೆ ಎಡಕ್ಕೆ ತಿರುಗಿತು.

ಒಂದು ಶುಕ್ರವಾರ ಅಮ್ಮನವರ ಮೂಗುತಿ ಕಾಣೆಯಾಯಿತು. ಹಳೆಯ ಕಾಲದ ಕೆಂಪು ಹರಳಿನದು. ಪೊಲೀಸಿಗೆ ಹೇಳೋಣ ಎಂದರು ಒಂದಿಬ್ಬರು. ದೇವಸ್ಥಾನದ ಟ್ರಸ್ಟಿನ ಅಧ್ಯಕ್ಷರು ಒಪ್ಪಲಿಲ್ಲ. ಅವರು ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಎಲ್ಲರೂ ಯಜಮಾನ್ರು ಎನ್ನುತ್ತಾರೆ. "ಊರ ಮರ್ವಾದೆ ಠಾಣೆಗೆ ಯಾಕೆ ಓಗ್ಬೇಕು? ಅಮ್ಮಂದು ಓಗಿರೋದು, ಅಮ್ಮನೇ ತೋರಿಸ್ಲಿ" ಎಂದರು. ಅಡ್ಡೆ ಹೊರಡಿಸಿದರು.

ಆ ದಿನ ನಾನು ಅಲ್ಲಿರಲಿಲ್ಲ. ಆದರೆ ಎಷ್ಟು ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೆ ನಾನೇ ಜಗಲಿಯ ಮೇಲೆ ನಿಂತು ನೋಡಿದಂತೆ ಕಾಣುತ್ತದೆ. ಅಡ್ಡೆ ಗುಡಿಯಿಂದ ಇಳಿದು, ಅರಳಿಕಟ್ಟೆ ಸುತ್ತಿ, ಮೇಲಿನ ಬೀದಿಯ ಮೂಲೆಯಲ್ಲಿ ಸ್ವಲ್ಪ ಹೊತ್ತು ತಡವರಿಸಿತಂತೆ. ಹಿಂದೆ ಇಡೀ ಊರು. ಆಮೇಲೆ ದಡದಡನೆ ಓಡಿ ಅತ್ತೆಯ ಬಾಗಿಲಿಗೆ ಬಂದು ನಿಂತಿತು. ಅತ್ತೆ ಒಳಗೆ ರಾಗಿ ಕೇರುತ್ತಿದ್ದಳು. ತಮಟೆ ಸದ್ದಿಗೆ ಹೊರಗೆ ಬಂದು ನೋಡಿದಳು, ದೇವರು ಬಾಗಿಲಲ್ಲಿದೆ! ತನ್ನ ಮನೆಗೆ ಅಮ್ಮ ತಾನಾಗಿ ಬಂದಳಲ್ಲ ಎಂದು ಓಡಿ ಹೋಗಿ ಕೊಡ ತಂದು ಹೊತ್ತವರ ಕಾಲಿಗೆ ನೀರು ಹೊಯ್ದಳು, ಅರಿಶಿನ ಕುಂಕುಮ ಇಟ್ಟಳು, ಕರ್ಪೂರ ಹಚ್ಚಿ ಬೆಳಗಿದಳು. ಬೆಳಗಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಂತೆ ಅಡ್ಡೆಯ ಕೊಂಬು ಮುಂದೆ ನುಗ್ಗಿ ಬಾಗಿಲ ಚೌಕಟ್ಟಿಗೆ ಗುದ್ದಿತು. ಕಳ್ಳರ ಮನೆ ಇದು ಎಂದು ಅಮ್ಮ ಹೇಳುವ ರೀತಿ ಅದು. ತಮಟೆ ನಿಂತಿತು. ಹಿಂದಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರಂತೆ. ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಅತ್ತೆ ನಿಂತಿದ್ದಳಂತೆ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಮನೆ ಹುಡುಕಿದರು, ಏನೂ ಸಿಗಲಿಲ್ಲ. ಸಿಗದೇ ಇದ್ದದ್ದು ಅವಳ ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿಯಾಗಲಿಲ್ಲ, ಅವಳ ಚಾಲಾಕಿಗೆ ಸಾಕ್ಷಿಯಾಯಿತು. ಬಹಿಷ್ಕಾರ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈಗಿನ ಕಾಲದಲ್ಲಿ ಹಾಗೆಲ್ಲ ಹೇಳಿದರೆ ಪೇಪರಿನಲ್ಲಿ ಬರುತ್ತದೆ ಎಂಬ ತಿಳಿವಳಿಕೆ ಎಲ್ಲರಿಗೂ ಇದೆ. ಸುಮ್ಮನೆ ಕರೆಯುವುದನ್ನು ಬಿಟ್ಟರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ಅವಳ ಹಿಂದೆ ಮುಂದೆ ಒಂದೊಂದು ಮಾರು ಜಾಗ. ಹಾಲು ಮಾತ್ರ ಎಲ್ಲರದ್ದರ ಜೊತೆ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಆ ವರ್ಷ ಪಕ್ಕದ ಮನೆಯಲ್ಲೇ ಮದುವೆಯಾಯಿತು. ಮೈಕಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಹಸೆ ಶಾಸ್ತ್ರ ಮುಗಿಸಿದರು. ಅತ್ತೆ ಒಳಗೆ ಕೂತು ತನಗೆ ಗೊತ್ತಿದ್ದ ಪದಗಳನ್ನೆಲ್ಲ ಗೋಡೆಗೆ ಹಾಡಿದಳು ಎಂದು ಮಾವ ಆಮೇಲೆ ನನಗೆ ಹೇಳಿದರು. ಮಾವ ಮಾತಾಡುವುದೇ ಕಮ್ಮಿ. ಅಷ್ಟು ಹೇಳಿ ಅವರು ಎದ್ದು ಕೊಟ್ಟಿಗೆಗೆ ಹೋದರು.

ಒಂದು ಭಾನುವಾರ ಅತ್ತೆ ಹಾಸನಕ್ಕೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಕೇಳಿದಳು: "ಲೋ ಮಗ, ದೇವಸ್ಥಾನದ ಮ್ಯಾಲೆ ಕೇಸ್ ಆಕ್ಬೋದೇನ್ಲಾ?"

"ದೇವಸ್ಥಾನದ ಮೇಲೆ ಹೆಂಗತ್ತೆ? ಯಾರಾದರೂ ಮನುಷ್ಯರ ಮೇಲೆ ಹಾಕಬೇಕು."

"ಯಾವ ಮನುಸ್ಯ ಯೋಳು. ಯಜಮಾನಪ್ಪ 'ನಾನು ಯೋಳಿಲ್ಲ, ಅಮ್ಮ ಯೋಳಿದ್ದು' ಅಂತಾನೆ. ಪೂಜಾರಪ್ಪ 'ನಾನು ಪೂಜೆ ಮಾಡ್ದೆ ಅಷ್ಟೆಯ' ಅಂತಾನೆ. ಹೊತ್ತೋರು 'ನಾವು ಹೊತ್ತೋ ಅಷ್ಟೆಯ' ಅಂತಾರೆ. ಊರೋರು 'ನಾವು ಹಿಂದ್ಲಿಂದ ಬಂದೋ' ಅಂತಾರೆ. ಯಾರೂ ಏನೂ ಮಾಡಿಲ್ಲ, ನನ್ನ ಮಾನ ಅದೇ ಓಯ್ತು."

ನಾನು ಪಾಠ ಶುರು ಮಾಡಿದೆ. ಧರ್ಮ ನಿರಪೇಕ್ಷತೆ, ಸಂಸ್ಥೆಗಳ ಸ್ವಾಯತ್ತತೆ, ಇತ್ಯಾದಿ. ಅತ್ತೆ ಸ್ವಲ್ಪ ಹೊತ್ತು ಕೇಳಿ ನನ್ನ ಹೆಂಡತಿಯ ಕಡೆ ತಿರುಗಿ, "ಇವನು ಮನೇಲೂ ಇಂಗೆ ಮಾತಾಡ್ತಾನೇನವ್ವ?" ಎಂದಳು. ನನ್ನವಳು ದಿನಾ ಎಂದಳು. ಅಲ್ಲಿಗೆ ಪಾಠ ಮುಗಿಯಿತು.

ವಕೀಲೆ ಶಶಿಕಲಾ ನನ್ನ ಹಳೆಯ ವಿದ್ಯಾರ್ಥಿನಿ. ಹಾಸನದಲ್ಲಿ ಕಚೇರಿ, ಹೊಳೆನರಸೀಪುರದ ಕೋರ್ಟಿಗೂ ಹೋಗುತ್ತಾಳೆ. ಮೂಲಭೂತ ಹಕ್ಕುಗಳನ್ನು ನನ್ನಿಂದ ಕಲಿತೂ ಅದರಿಂದ ಹೊಟ್ಟೆ ಹೊರೆಯುತ್ತಿರುವ ಒಬ್ಬಳೇ ವಿದ್ಯಾರ್ಥಿನಿ ಅವಳು. ಅತ್ತೆಯ ಕಥೆಯನ್ನು ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟಳು.

"ಅಜ್ಜಿ, ಕಾನೂನಿನ ಕಣ್ಣಲ್ಲಿ ದೇವರು ಒಬ್ಬ ವ್ಯಕ್ತಿ. ಜಮೀನು ಇಟ್ಕೋಬಹುದು, ಕೇಸು ಹಾಕಬಹುದು, ಹಾಕಿಸಿಕೊಳ್ಳಲೂಬಹುದು. ಆದರೆ ಯಾವತ್ತಿಗೂ ಮೈನರ್. ವಯಸ್ಸಿಗೆ ಬರದ ಮಗು ಇದ್ದಹಾಗೆ. ಅದರ ಪರವಾಗಿ ಬೇರೆಯವರು ನಡೆಸಬೇಕು."

"ಮಗ ಪಕ್ಕದ್ಮನೆ ಕಿಟಕಿಗೆ ಕಲ್ಲು ವಡುದ್ರೆ ಅಪ್ಪ ಅವ್ವನ್ನ ಕರ್ದು ಕೇಳಾಕಿಲ್ವಾ?"

"ಕೇಳ್ತಾರೆ. ಆದರೆ ಇಲ್ಲಿ ಅಪ್ಪ ಅಮ್ಮ ಎಲ್ಲ 'ಮಗು ಹೇಳಿದಂಗೆ ನಾವು ಕೇಳಿದ್ವಿ' ಅಂತಿದಾರಲ್ಲ" ಎಂದು ಶಶಿಕಲಾ ನಕ್ಕಳು. ನಗು ಮುಗಿದ ಮೇಲೆ ಮುಖ ಗಂಭೀರವಾಯಿತು. ಟ್ರಸ್ಟನ್ನು ಮೊದಲ ಪ್ರತಿವಾದಿ ಮಾಡೋಣ, ಅಧ್ಯಕ್ಷರನ್ನೂ ಅಡ್ಡೆ ಹೊತ್ತವರನ್ನೂ ಜೊತೆಗೆ ಸೇರಿಸೋಣ, ಮಾನನಷ್ಟದ ದಾವೆ ಹೂಡೋಣ, ಗೆಲ್ಲುತ್ತೇವೆ ಅಂತ ಹೇಳಲಾರೆ ಎಂದಳು. ಅದಕ್ಕೆ ಮುಂಚೆ ಒಂದು ಸಲ ಅವರನ್ನು ಕಂಡು ಮಾತಾಡಿ, ತಪ್ಪಾಯಿತು ಅಂತ ಹೇಳಿದರೆ ಇಲ್ಲಿಗೇ ಮುಗಿಯುತ್ತದೆ ಎಂದೂ ಹೇಳಿದಳು. ಮಾತಾಡುವವನು ನಾನು. ಕೂತಲ್ಲಿ ಕೂರಲಾರದವನಿಗೆ ತಿರುಗಾಡುವ ಕೆಲಸ ಸಿಕ್ಕಿತು.

ಅರಕಲಗೂಡಿನಲ್ಲಿ ಯಜಮಾನರು ನನ್ನನ್ನು ಗೊಬ್ಬರದ ಮೂಟೆಗಳ ನಡುವೆ ಕುರ್ಚಿ ಹಾಕಿಸಿ ಕೂರಿಸಿ ಕಾಫಿ ತರಿಸಿದರು. ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ, ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. "ಮೇಷ್ಟ್ರೇ, ಗೌರಕ್ಕ ನಂಗೂ ಅಕ್ಕನೇ. ನಾನು ಅವರ ಎಸ್ರು ಎತ್ತಿದ್ನಾ? ಯಾರ್ನಾದ್ರೂ ಕೇಳಿ. ಅಮ್ಮ ಎಲ್ಲಿ ನಿಂತ್ಕತದೆ ಅಂತ ನಂಗೆ ಯೆಂಗೆ ಗೊತ್ತು? ನನ್ನ ಮನೆ ಮುಂದೇನೂ ನಿಂತ್ಕಬೋದಾಗಿತ್ತು" ಎಂದರು. ನಿಮ್ಮ ಮನೆ ಮುಂದೆ ಯಾವತ್ತಾದರೂ ನಿಂತಿದೆಯಾ ಎಂದು ಕೇಳಬೇಕೆನಿಸಿತು. ಕಾಫಿ ಬಾಯಲ್ಲಿತ್ತು, ನುಂಗಿಕೊಂಡೆ. ಅವರ ಹಿಂದಿನ ಗೋಡೆಯಲ್ಲಿ ಗುಡಿಯ ಜೀರ್ಣೋದ್ಧಾರದ ಫೋಟೊ ತೂಗುಹಾಕಿದ್ದರು. ಗುಡಿಯ ಮೆಟ್ಟಿಲಿನಿಂದ ಹಿಡಿದು ಫ್ಯಾನಿನ ರೆಕ್ಕೆಯವರೆಗೆ ಕೊಟ್ಟವರ ಹೆಸರಿದೆ. ದೇವಸ್ಥಾನ ಅಂದರೆ ಯಾರು ಎಂಬುದಕ್ಕೆ ಅಲ್ಲಿ ಯಾವ ಅನುಮಾನವೂ ಇಲ್ಲ. ಪುಣ್ಯಕ್ಕೆ ಇಷ್ಟೊಂದು ಹೆಸರು ಇದ್ದು, ಪಾಪಕ್ಕೆ ಒಂದೂ ಸಿಗದಿರುವುದು ಹೇಗೆ ಎಂದು ಯೋಚಿಸುತ್ತಾ ಬಸ್ಸು ಹತ್ತಿದೆ.

ಅಡ್ಡೆಯ ಮುಂಗೊಂಬು ಹೊರುವುದು ಚಂದ್ರಣ್ಣನ ಮನೆತನದ ಹಕ್ಕು. ಹಿಂಗೊಂಬು ಅವನ ಭಾವಮೈದನದು. ಭಾವಮೈದ ಮೊದಲೇ ಹೇಳಿಬಿಟ್ಟಿದ್ದ, ಮುಂದಿನೋನು ಹೋದಕಡೆ ನಾನು ಹೋಗೋದು ಸಾ ಎಂದು. ಚಂದ್ರಣ್ಣ ಈಗ ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ಸಣ್ಣ ಹೋಟೆಲು ಇಟ್ಟುಕೊಂಡಿದ್ದಾನೆ. ಅಮ್ಮನ ಕೆಲಸ ಇದ್ದಾಗ ಊರಿಗೆ ಬರುತ್ತಾನೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಹೋದೆ. ತಟ್ಟೆ ಇಡ್ಲಿ ತಂದಿಟ್ಟು ಎದುರಿಗೆ ನಿಂತ. ವಿಷಯ ಎತ್ತಿದೆ. ಬಲಹೆಗಲ ಮೇಲಿನ ಗಟ್ಟಿ ಗಂಟನ್ನು ಸವರಿಕೊಂಡ. ಆ ಗಂಟು ಅವರಪ್ಪನಿಗೂ ಇತ್ತು, ಆಚರಣೆಯ ಗುರುತು ಅದು.

"ಅಡ್ಡೆ ಹೆಗಲೇರಿದ ಮ್ಯಾಕೆ ನನ್ನ ಮೈ ನಂದಲ್ಲ ಸಾ" ಎಂದ. ಅಷ್ಟೇ. ಇಡ್ಲಿಗೆ ಇನ್ನೊಂದು ಸೌಟು ಚಟ್ನಿ ಹಾಕಿದ, ನನ್ನ ಕಣ್ಣು ನೋಡಲಿಲ್ಲ.

ದಾವೆ ಹೂಡಿದೆವು. ಕಾಗದದ ಮೇಲೆ ಪ್ರತಿವಾದಿಗಳ ಮೊದಲ ಸಾಲಿನಲ್ಲಿ ಅಮ್ಮನವರ ಹೆಸರಿನ ಟ್ರಸ್ಟು ನೋಡಿದಾಗ ನನ್ನ ಕೈ ತಾನಾಗಿ ಮುಗಿದುಕೊಂಡಿತು. ಶಶಿಕಲಾ ನೋಡಿ, "ಸರ್, ಎದುರು ಪಾರ್ಟಿಗೆ ಕೈ ಮುಗೀತಾ ಇದೀರಾ" ಎಂದಳು. ಏನು ಮಾಡಲಿ, ನನಗೆ ಅಮ್ಮನ ಭಯ ಹೋಗಿಲ್ಲ. ಅತ್ತೆಗಂತೂ ಭಕ್ತಿಯೇ ಹೋಗಿಲ್ಲ. ಗುಡಿಗೆ ಹೋಗುವುದನ್ನು ಬಿಟ್ಟಿದ್ದಳು, ಆದರೆ ಶುಕ್ರವಾರ ಮನೆಯಲ್ಲೇ ಅಮ್ಮನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚುತ್ತಿದ್ದಳು. "ಅಮ್ಮನ ಮ್ಯಾಲೆ ನಂಗೇನು ಸಿಟ್ಟಿಲ್ಲ ಕಣ್ಲಾ. ಅವಳ ಹಿಂದೆ ನಿಂತ್ಕೊಂಡು ನನ್ನ ನೋಡಿದ್ರಲ್ಲ, ಅವರಿಗೆ ಮುಂದೆ ಬಂದು ನಿಂತ್ಕಳಿ ಅಂತೀನಿ, ಅಷ್ಟೆಯ." ಕೋರ್ಟಿನಲ್ಲಿ ಒಂದಾದ ಮೇಲೊಂದು ವಾಯಿದೆ ಬೀಳುತ್ತಾ ಹೋಯಿತು. ಹೊಳೆನರಸೀಪುರದ ಕೋರ್ಟಿನ ಹೊರಗಿನ ಬೆಂಚುಗಳಲ್ಲಿ ಯಾವುದು ಅಲ್ಲಾಡುತ್ತದೆ, ಯಾವುದು ಅಲ್ಲಾಡುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಾಗಿಹೋಗಿದೆ. ನನ್ನ ಕಾಲಿಗೆ ಅಲ್ಲಾಡದ್ದೇ ಬೇಕು.

ಕಳೆದ ವರ್ಷ ಗರ್ಭಗುಡಿಗೆ ಹೊಸ ಕಲ್ಲು ಹಾಸಲು ನೆಲ ಕಿತ್ತರು. ಅಭಿಷೇಕದ ನೀರು ಹೊರಗೆ ಹೋಗುವ ಕಂಡಿಯೊಳಗೆ, ಕೊಳೆತ ಹೂವು ಕಸದ ನಡುವೆ, ಮೂಗುತಿ ಸಿಕ್ಕಿತು. ಪೂಜಾರಿ ಹೂವು ತೆಗೆಯುವಾಗ ಜೊತೆಗೆ ಬಿದ್ದು, ನೀರಿನ ಜೊತೆ ಹೋಗಿ ಅಲ್ಲಿ ಕೂತಿತ್ತು.

ಈಗ ಊರು ಅತ್ತೆಯ ಬಾಗಿಲಿಗೆ ಓಡಿಬರುತ್ತದೆ ಎಂದು ನೀವು ಅಂದುಕೊಂಡಿರಿ. ನಾನೂ ಅಂದುಕೊಂಡೆ. ಊರು ಓಡಿದ್ದು ಗುಡಿಗೆ. ಅಮ್ಮ ತನ್ನ ಒಡವೆಯನ್ನು ತಾನೇ ತರಿಸಿಕೊಂಡಳು, ಎಂಥಾ ಮಹಿಮೆ ಎಂದು ವಿಶೇಷ ಪೂಜೆಯಾಯಿತು, ಎಲ್ಲರೂ ವಾಟ್ಸಾಪಿನಲ್ಲಿ ಮೂಗುತಿಯ ಫೋಟೊ ಹಾಕಿಕೊಂಡರು. ಪೂಜೆಯ ಗಲಾಟೆಯಲ್ಲಿ ಯಾರೋ ಒಬ್ಬರಿಗೆ ಗೌರಕ್ಕನ ನೆನಪಾಯಿತಂತೆ. ಹೌದಲ್ಲ ಎಂದು ಯಜಮಾನರು ಒಂದು ಉಪಾಯ ಮಾಡಿದರು. ಅಡ್ಡೆಯನ್ನು ಮತ್ತೆ ಅವಳ ಬಾಗಿಲಿಗೆ ಕರೆದುಕೊಂಡು ಹೋಗುವುದು, ಅಮ್ಮನೇ ಹರಸಿದಂತಾಗುತ್ತದೆ, ಕೇಸೂ ಮುಗಿದಂತಾಗುತ್ತದೆ. ತಪ್ಪಾಯಿತು ಎಂದು ಯಾರೂ ಹೇಳುವ ಹಾಗಿಲ್ಲ.

ಆ ಸಲ ನಾನು ಅಲ್ಲಿದ್ದೆ. ಬಿಸಿಲು ಏರಿತ್ತು. ತಮಟೆ, ಹೊಗೆ, ಹೂವು, ಹಿಂದೆ ಊರು. ಅಡ್ಡೆ ಈ ಸಲ ಎಲ್ಲೂ ತಡವರಿಸದೆ ನೆಟ್ಟಗೆ ಬಂದು ಬಾಗಿಲ ಮುಂದೆ ನಿಂತಿತು. ಬಾಗಿಲಿಗೆ ಬಂದ ದೇವರಿಗೆ ಮನೆಯವರು ನೀರು ಹೊಯ್ದು ಬೆಳಗದೆ ಅದು ಹಿಂದಕ್ಕೆ ಹೋಗುವಂತಿಲ್ಲ. ಗುಡಿ ಬಿಟ್ಟ ಅಡ್ಡೆ ಮತ್ತೆ ಗುಡಿ ಸೇರುವವರೆಗೆ ನೆಲ ಮುಟ್ಟುವಂತಿಲ್ಲ. ಎಲ್ಲರಿಗೂ ಗೊತ್ತಿರುವ ಕಟ್ಟಳೆ ಇದು. ಅತ್ತೆ ಹೊರಗೆ ಬಂದಳು. ಕೊಡವೂ ಇಲ್ಲ, ತಟ್ಟೆಯೂ ಇಲ್ಲ. ಹೊಸಲಿನ ಮೇಲೆ ಕೂತಳು.

"ಗೌರಕ್ಕ, ನೀರು ತತ್ತಾ" ಎಂದರು ಯಜಮಾನರು.

"ಅಮ್ಮನ್ನ ಇಳ್ಸಿ ಬನ್ರಪ್ಪ. ನಂಗೆ ಮಾತಿರೋದು ನಿಮ್ಮ ಕುಟೆ, ಅಮ್ಮನ ಕುಟೆ ಅಲ್ಲ."

"ಇಳ್ಸೋ ಅಂಗಿಲ್ಲ ಅಂತ ನಿಂಗೇ ಗೊತ್ತಲ್ಲಕ್ಕ."

"ಗೊತ್ತು. ಅದ್ಕೇ ನೀವು ಯಾವಾಗ್ಲೂ ಹೊತ್ಕೊಂಡೇ ಬರೋದು."

ತಮಟೆಯವನು ಬಾರಿಸುತ್ತಿದ್ದ ಕೈ ನಿಲ್ಲಿಸಿದ. ಹಿಂಗೊಂಬಿನ ಭಾವಮೈದ ಬೆವರು ಒರೆಸಿಕೊಳ್ಳಲಾರದೆ ಕಣ್ಣು ಮಿಟುಕಿಸುತ್ತಿದ್ದ. ಹೆಂಗಸರು ಗುಸುಗುಸು ಎಂದರು. ಒಬ್ಬ ಮುದುಕಿ, ಅಮ್ಮ ಮುನಿದರೆ ಊರಿಗೇ ಕೇಡು ಎಂದು ಅಳುವುದಕ್ಕೆ ಶುರು ಮಾಡಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಎದ್ದು ನೀರು ತಂದುಬಿಡು ಅತ್ತೆ ಎಂದು ಹೇಳಲು ಎರಡು ಹೆಜ್ಜೆ ಮುಂದೆ ಹೋದೆ, ಅವಳು ನನ್ನನ್ನು ಒಂದು ಸಲ ನೋಡಿದಳು, ವಾಪಸು ಬಂದು ನಿಂತುಕೊಂಡೆ. ಮಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಕರ್ಚೀಫಿನಿಂದ ಮುಖ ಒರೆಸಿಕೊಂಡು ಮೊಬೈಲು ನೋಡಿದರು. ಅಲ್ಲಿ ಇದ್ದವರಲ್ಲಿ ಭಾರ ಹೊತ್ತವರು ಇಬ್ಬರೇ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು.

ಮಾತಾಡಿದವನು ಚಂದ್ರಣ್ಣ. ಕೊಂಬಿನ ಕೆಳಗೆ ಕತ್ತು ಒಂದು ಕಡೆಗೆ ವಾಲಿತ್ತು.

"ಅಕ್ಕ, ಒಂದ್ಮಾತು ಯೋಳ್ಲಾ? ಅವತ್ತು ಮ್ಯಾಲಿನ ಬೀದಿ ಮೂಲೇಲಿ ನಿಂತ್ಕೊಂಡಾಗ ನಂಗೆ ನಿನ್ನ ಮನೇನೇ ಮನಸ್ನಲ್ಲಿತ್ತು. ಬೆಳಿಗ್ಗೆಯಿಂದ ಎಲ್ರ ಬಾಯಲ್ಲೂ ನಿನ್ನೆಸ್ರೇ. ದೀಪ ಬೆಳಗೋಳು ಅವಳೇ ಅಲ್ವಾ ಅಂತ. ಅಮ್ಮ ಎಳುದ್ಲೋ, ನಾನೇ ಓದ್ನೋ, ಇವತ್ಗೂ ಗೊತ್ತಿಲ್ಲ ಕಣಕ್ಕ. ಆದ್ರೆ ನಡೆದ ಕಾಲು ನಂದೇಯ."

ಅತ್ತೆ ಎದ್ದಳು. ಒಳಗೆ ಹೋಗಿ ಕೊಡ ತಂದು ಮೊದಲು ಅವನ ಕಾಲಿಗೆ, ಆಮೇಲೆ ಭಾವಮೈದನ ಕಾಲಿಗೆ ನೀರು ಹೊಯ್ದಳು. ಕರ್ಪೂರ ಹಚ್ಚಿ ಬೆಳಗಿದಳು. ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಹೊಗೆಯ ಮೇಲೆ ಹಾಕಿ ಒರೆಸಿಕೊಂಡೆ.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಯಜಮಾನರು ಚುರುಕು ಮನುಷ್ಯ. ಮುಂದಿನ ವಾಯಿದೆಗೆ ಟ್ರಸ್ಟಿನ ವಕೀಲರು ಕೋರ್ಟಿಗೆ ಒಂದು ಹೇಳಿಕೆ ಕೊಟ್ಟರು. ಅಡ್ಡೆಯನ್ನು ವಾದಿಯ ಮನೆಗೆ ಕೊಂಡೊಯ್ದದ್ದು ಚಂದ್ರಣ್ಣನ ವೈಯಕ್ತಿಕ ಕೃತ್ಯ, ಅವನೇ ಊರ ಮುಂದೆ ಒಪ್ಪಿಕೊಂಡಿದ್ದಾನೆ, ದೇವಸ್ಥಾನಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜ ಹೇಳಿದ ಒಬ್ಬನೇ ಒಬ್ಬನ ಮೇಲೆ ಇಡೀ ಊರಿನ ಭಾರ ಹೊರಿಸಿ ಮಿಕ್ಕವರು ಕೈ ತೊಳೆದುಕೊಂಡರು. ಇದನ್ನು ಒಪ್ಪಿ ದೇವಸ್ಥಾನವನ್ನು ಕೈಬಿಡುತ್ತೀರಾ ಎಂದು ಅತ್ತೆಯನ್ನು ಕೋರ್ಟು ಕೇಳಬೇಕಾಗಿತ್ತು. ಮೊನ್ನೆ ನಾನು ಬಸ್ಸಿನಲ್ಲಿ ಕಾಲು ಅಲ್ಲಾಡಿಸುತ್ತಾ ಹೋಗುತ್ತಿದ್ದದ್ದು ಅದಕ್ಕೇ.

ಕೋರ್ಟಿನ ಹೊರಗೆ ಶಶಿಕಲಾ ಅತ್ತೆಗೆ ತಿಳಿಸಿ ಹೇಳಿದಳು. "ಅಜ್ಜಿ, ಚಂದ್ರಣ್ಣನ ಮೇಲೆ ಮಾತ್ರ ಇಟ್ಕೊಂಡರೆ ನಾವು ಗೆಲ್ತೀವಿ. ಒಪ್ಪಿಕೊಂಡಿದಾನೆ, ಮುಗೀತು. ದೇವಸ್ಥಾನದ ಮೇಲೂ ಇಟ್ಕೊಂಡರೆ ಇನ್ನೂ ಎಷ್ಟು ವರ್ಷವೋ, ಗೆಲ್ಲೋದೂ ಗ್ಯಾರಂಟಿ ಇಲ್ಲ. ಯೋಚನೆ ಮಾಡಿ." ಆ ಕಡೆಯ ಕಂಬದ ಹತ್ತಿರ ಯಜಮಾನರ ಗುಂಪು ನಿಂತಿತ್ತು. ಚಂದ್ರಣ್ಣ ಅವರ ಜೊತೆಗೂ ಇರಲಿಲ್ಲ, ನಮ್ಮ ಜೊತೆಗೂ ಇರಲಿಲ್ಲ. ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ನಾನು ಅತ್ತೆಯ ಮುಖ ನೋಡಿದೆ. ಗೆದ್ದು ಬಿಡಲಿ, ಸಾಕು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅವಳಿಗೂ ವಯಸ್ಸಾಯಿತು, ನನಗೂ ರಜೆ ಮುಗಿಯಿತು.

ಒಳಗೆ ಹೆಸರು ಕೂಗಿದರು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು, ಮೆಲುದನಿ. ಏನಮ್ಮ, ಏನು ತೀರ್ಮಾನ ಮಾಡಿದ್ರಿ ಎಂದು ಕೇಳಿದರು.

"ಬುಟ್ಬುಡ್ತೀನಿ ತಾಯಿ" ಎಂದಳು ಅತ್ತೆ. ಯಜಮಾನರ ಮುಖ ಅರಳಿತು.

"ಚಂದ್ರನ್ನ ಬುಟ್ಬುಡ್ತೀನಿ. ದೇವಸ್ಥಾನ ಬುಡಾಕಿಲ್ಲ."

ಶಶಿಕಲಾ ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ. ನ್ಯಾಯಾಧೀಶೆ ಪೆನ್ನು ಹಿಡಿದವರು ತಲೆ ಎತ್ತಿದರು. "ಒಪ್ಪಿಕೊಂಡವರು ಅವರೊಬ್ಬರೇ ಅಲ್ವೇನಮ್ಮ. ಅವರನ್ನೇ ಬಿಟ್ಟರೆ ಹೇಗೆ?"

"ಅವನು ಒಬ್ನೇ ಬಂದಿದ್ರೆ ನಾನು ಕಡ್ಡಿಪರ್ಕೆ ತಕ್ಕೊಂಡು ಓಡುಸ್ತಿದ್ದೆ ತಾಯಿ. ಅವನ ಹಿಂದೆ ಅಮ್ಮನ ಎಸ್ರು ಹಾಕ್ಕೊಂಡು ಅಷ್ಟೂ ಜನ ಬಂದ್ರಲ್ಲ, ಅದ್ಕೇ ನಾನು ಬಾಗ್ಲಲ್ಲಿ ನಿಂತು ಕೈಮುಗ್ದೆ."

ಚಂದ್ರಣ್ಣನನ್ನು ಬಿಡುವ ಬಗ್ಗೆ ಮೆಮೊ ಬರೆದು ಕೊಡಿ, ಮಧ್ಯಾಹ್ನ ಮತ್ತೆ ತೆಗೆದುಕೊಳ್ಳುತ್ತೇನೆ ಎಂದರು ನ್ಯಾಯಾಧೀಶೆ. ಹೊರಗೆ ಬಂದೆವು. ಯಜಮಾನರು ಚಂದ್ರಣ್ಣನ ಹೆಗಲ ಮೇಲೆ ಕೈ ಹಾಕಿ ಆಚೆಗೆ ಕರೆದುಕೊಂಡು ಹೋದರು. ಮಾತು ನಮಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು. "ಬಚಾವಾದೆ, ಇನ್ಮೇಲೆ ತಣ್ಣಗೆ ಇರು. ಅಮ್ಮನ ಕೊಂಬು ನಿನ್ನ ಹೆಗಲ ಮ್ಯಾಲೇ ಇರ್ಬೇಕು ಅಂದ್ರೆ ಈ ಕಡೆ ತಲೆ ಹಾಕ್ಬ್ಯಾಡ." ಅಪ್ಪನ ಕಾಲದಿಂದ, ತಾತನ ಕಾಲದಿಂದ ಬಂದ ಹಕ್ಕು ಅದು. ಚಂದ್ರಣ್ಣ ತಲೆಯಾಡಿಸಿದ. ಹೂಂ ಎಂದನೋ ಇಲ್ಲವೋ ತಿಳಿಯಲಿಲ್ಲ. ಗುಂಪು ಊಟಕ್ಕೆ ಹೊರಟಿತು.

ಅತ್ತೆ ಬೆಂಚಿನ ಮೇಲೆ ಕೂತು ಚೀಲದಿಂದ ರೊಟ್ಟಿ ತೆಗೆದಳು. ನಾನು ನಿಂತೇ ಇದ್ದೆ. ಶಶಿಕಲಾ ಮೆಮೊ ಟೈಪ್ ಮಾಡಿಸಲು ಓಡಿದಳು. ಸ್ವಲ್ಪ ಹೊತ್ತಿಗೆ ಕೋರ್ಟಿನ ಜವಾನ ಕಾಗದ ಹಿಡಿದು ಹೊರಗೆ ಬಂದು, ಮಧ್ಯಾಹ್ನ ತೆಗೆದುಕೊಳ್ಳುವ ಕೇಸುಗಳನ್ನು ಒಂದೊಂದಾಗಿ ಕರೆದು ಯಾರು ಬಂದಿದ್ದಾರೆ ಎಂದು ವಿಚಾರಿಸತೊಡಗಿದ.

"ಗೌರಮ್ಮನ ಕೇಸು, ಯಾರ‍್ಯಾರಿದೀರ?"

"ನಾನಿದೀನಿ" ಎಂದಿತು ಒಂದು ದನಿ. ಗುಂಪಿನ ಜೊತೆ ಗೇಟಿನವರೆಗೆ ಹೋಗಿದ್ದ ಚಂದ್ರಣ್ಣ ವಾಪಸು ಬಂದು ನಿಂತಿದ್ದ. ಒಬ್ಬನೇ.

ಜವಾನ ಕಾಗದ ನೋಡಿದ, ಅವನನ್ನು ನೋಡಿದ. "ನೀವು ದೇವಸ್ಥಾನದ ಕಡೆಯೋರಲ್ವಾ? ನಿಮ್ಮನ್ನ ಬಿಡ್ತಾ ಇದಾರಲ್ಲ, ಹೋಗಬಹುದು ನೀವು."

"ಇಲ್ಲ ಸಾ. ಅವತ್ತು ಏನಾಯ್ತು ಅಂತ ಒಳೀಕ್ ಬಂದು ಯೋಳ್ತೀನಿ. ಗೌರಕ್ಕನ ಕಡೆ ಅಂತ ಬರ್ಕಳಿ."

ಜವಾನ ಅದನ್ನು ವಕೀಲರ ಮೂಲಕ ಹೇಳಬೇಕು ಎಂದು ಏನೋ ಗೊಣಗುತ್ತಾ ಮುಂದಿನ ಕೇಸಿಗೆ ಹೋದ. ನಾನು ಚಂದ್ರಣ್ಣನ ಕೈ ಹಿಡಿದುಕೊಂಡೆ. ಅತ್ತೆ ಒಂದು ರೊಟ್ಟಿಯನ್ನು ಎರಡು ಮಾಡಿ, ಸೆರಗು ಎಳೆದುಕೊಂಡು ಬೆಂಚಿನ ಮೇಲೆ ಜಾಗ ಬಿಟ್ಟಳು.

"ಕೂತ್ಕೊಳ್ಲಾ" ಎಂದಳು. "ಇನ್ನೂ ಬಾಳಾ ವೊತ್ತಾಯ್ತದೆ."